ಷಡ್ಡಕರ ಕಣಗಿಲೆ

ದಾವಣಗೆರೆಯಲ್ಲಿ ಹೊಟ್ಟೆಕಿಚ್ಚು ಪಡಬೇಕೆನ್ನುವವನಿಗೆ ಸಾಮಗ್ರಿಗೇನೂ ಕೊರತೆಯಿಲ್ಲ. ಮಿಲ್ಲಿನ ಧಣಿಗಳ ಮೋಟಾರು ಕಾರುಗಳಿವೆ. ಹತ್ತಿ ವ್ಯಾಪಾರದ ಸಾಹುಕಾರರು ಕಟ್ಟಿಸಿದ ಉಪ್ಪರಿಗೆ ಮನೆಗಳಿವೆ. ನಾನು ಅಂಥದೇ ಒಂದು ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತ. ದಿನಾ ಸೈಕಲ್ಲಿನ ಮೇಲೆ ಹೋಗುವಾಗ ಧಣಿಗಳ ಕಾರು ನನ್ನ ಮುಖಕ್ಕೆ ಧೂಳು ಬಳಿದು ಮುಂದಕ್ಕೆ ಹೋಗುತ್ತದೆ. ಆಣೆ ಮಾಡಿ ಹೇಳುತ್ತೇನೆ, ಎಳ್ಳಷ್ಟೂ ಸಂಕಟವಾಗುವುದಿಲ್ಲ. ಕಣ್ಣೊರೆಸಿಕೊಂಡು ಪೆಡಲು ತುಳಿಯುತ್ತೇನೆ. ಆದರೆ ಹರಿಹರದಲ್ಲಿ, ಹೊಳೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ, ಒಂದು ಹೆಂಚಿನ ಮನೆಯ ಮುಂದೆ ಒಂದು ಕಣಗಿಲೆ ಗಿಡವಿದೆ. ಅದು ನೆನಪಾದರೆ ಉಂಡ ಅನ್ನ ಕರಗುವುದಿಲ್ಲ.

ಯಾಕೆಂದರೆ ಆ ಗಿಡ ನನ್ನ ಷಡ್ಡಕರದು.

ಷಡ್ಡಕರಿದ್ದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಇಲ್ಲದ ಪುಣ್ಯವಂತರಿಗಾಗಿ ಒಂದೆರಡು ಮಾತು. ಲೋಕಿಕೆರೆಯ ಒಬ್ಬ ರೈತರಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಕೊಟ್ರಮ್ಮ, ಅವಳನ್ನು ಹರಿಹರದ ಬಕ್ಕೇಶಪ್ಪನವರು ಮದುವೆಯಾದರು. ಕಿರಿಯವಳು ಹಾಲಮ್ಮ, ಅವಳನ್ನು ನಿಟ್ಟುವಳ್ಳಿಯ ನಾನು. ನನಗೂ ಬಕ್ಕೇಶಪ್ಪನವರಿಗೂ ಇರುವ ನಂಟು ಇಷ್ಟೇ. ಇದರಲ್ಲಿ ರಕ್ತವಿಲ್ಲ, ಆಸ್ತಿಯಿಲ್ಲ, ಜಗಳ ಆಡುವುದಕ್ಕೆ ಒಂದು ಬದುವಾದರೂ ಇಲ್ಲ. ಆದರೂ ಮದುವೆಯಾದ ದಿನದಿಂದ ಮಾವನ ಮನೆಯವರು ನಮ್ಮಿಬ್ಬರನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿ ಕೂಡಿಸಿ ತೂಗುತ್ತಲೇ ಇದ್ದಾರೆ. ಅವರು ಎತ್ತರ, ನಾನು ಕುಳ್ಳ. ಅವರಿಗೆ ಹೊಸ ಕಾರ್ಖಾನೆಯಲ್ಲಿ ಕೆಲಸ, ನನಗೆ ಹಳೆಯ ಮಿಲ್ಲಿನಲ್ಲಿ. ಅವರ ಮನೆಯಲ್ಲಿ ರೇಡಿಯೋ ಹಾಡುತ್ತದೆ, ನಮ್ಮ ಮನೆಯಲ್ಲಿ ನಾನೇ ಹಾಡಬೇಕು. ಊಟಕ್ಕೆ ಕೂತಾಗ ಅತ್ತೆಯವರು "ಹಿರೇ ಅಳಿಯಾರು ಎಷ್ಟು ಬಡಿಸಿದ್ರೂ ಬ್ಯಾಡ ಅನ್ನಲ್ಲಪಾ" ಎಂದು ಮೆಚ್ಚುಗೆಯಿಂದ ಹೇಳುತ್ತಾರೆ. ಊಟ ಮಾಡುವುದರಲ್ಲಿಯೂ ನಾನು ಎರಡನೆಯವನು.

ಇಷ್ಟಾದರೂ ಬಕ್ಕೇಶಪ್ಪನವರು ಕೆಟ್ಟವರಾಗಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ಒಂದು ಅರ್ಥವಿರುತ್ತಿತ್ತು. ಅವರು ಬಂಗಾರದಂಥ ಮನುಷ್ಯ. ನನ್ನನ್ನು ಕಂಡರೆ ದೂರದಿಂದಲೇ "ಬರ್ರಿ ಬರ್ರಿ ತಮ್ಮಾರೆ" ಎಂದು ತೋಳು ಚಾಚುತ್ತಾರೆ. ನಾನು ಅವರ ಮೇಲೆ ಉರಿಯುತ್ತಿದ್ದೇನೆಂದು ಅವರಿಗೆ ಗೊತ್ತೇ ಇಲ್ಲ. ಅದಕ್ಕಿಂತ ಹೆಚ್ಚಾಗಿ, ನನ್ನ ಮೇಲೆ ಉರಿಯಬೇಕೆಂದು ಅವರಿಗೆ ಒಮ್ಮೆಯೂ ಅನ್ನಿಸಿಲ್ಲ. ಹೊಟ್ಟೆಕಿಚ್ಚು ಎನ್ನುವುದು ಇಬ್ಬರೂ ಸೇರಿ ಆಡಿದರೆ ಆಟ. ಒಬ್ಬನೇ ಆಡಿದರೆ ರೋಗ.

ಹರಿಹರದ ದೇವರ ಮುಂದೆ ನಿಂತಾಗಲೆಲ್ಲ ನನಗೆ ಈ ಯೋಚನೆ ಬರುತ್ತದೆ. ಅರ್ಧ ಮೈ ಹರಿ, ಅರ್ಧ ಮೈ ಹರ. ಒಬ್ಬನಿಗೆ ಹಾವು, ಇನ್ನೊಬ್ಬನಿಗೆ ಹೂವಿನ ಹಾರ. ಒಬ್ಬನಿಗೆ ಜಟೆ, ಇನ್ನೊಬ್ಬನಿಗೆ ಕಿರೀಟ. ಇಷ್ಟು ವ್ಯತ್ಯಾಸವಿದ್ದೂ ಒಂದೇ ಮೈಯಲ್ಲಿ ಶತಮಾನಗಳಿಂದ ಹೊಂದಿಕೊಂಡು ನಿಂತಿದ್ದಾರೆ. ಬಹುಶಃ ಅವರು ಷಡ್ಡಕರಲ್ಲದ ಕಾರಣ ಇದು ಸಾಧ್ಯವಾಗಿರಬೇಕು.

ಈಗ ಗಿಡದ ವಿಷಯ. ಕಣಗಿಲೆಯನ್ನು ನೀವೆಲ್ಲ ಕಂಡಿದ್ದೀರಿ. ಉದ್ದನೆಯ ಕತ್ತಿಯಂಥ ಎಲೆ, ವರ್ಷವೆಲ್ಲ ಹಸಿರು, ಬಿಸಿಲು ಎಷ್ಟಿದ್ದರೆ ಅಷ್ಟು ಖುಷಿ. ಬಕ್ಕೇಶಪ್ಪನವರ ಗಿಡ ಜೋಡಿ ದಳದ ಗುಲಾಬಿ ಬಣ್ಣದ್ದು. ಹೂ ಬಿಟ್ಟಿತೆಂದರೆ ಎಲೆ ಕಾಣುವುದಿಲ್ಲ. ರೈಲು ನಿಲ್ದಾಣದಿಂದ ಬರುವವರಿಗೆ ಅವರ ಮನೆಯ ಗುರುತು ಹೇಳುವಾಗಲೂ "ಕಣಗಿಲೆ ಹೂವಿನ ಮನೆ" ಎಂದರೆ ಸಾಕು. ನಮ್ಮ ಮನೆಯ ಗುರುತು ಹೇಳಬೇಕಾದರೆ "ಪಿಂಜಾರ ಹುಸೇನಸಾಬರ ಮನೆಯ ಪಕ್ಕ" ಎನ್ನಬೇಕು. ನಮ್ಮ ಮನೆಗೆ ಸ್ವಂತ ಗುರುತೇ ಇಲ್ಲ.

ಹಾಲಮ್ಮ ಪ್ರತಿ ಸೋಮವಾರ ಒಪ್ಪತ್ತಿದ್ದು ಸಂಜೆ ಶಿವಪೂಜೆ ಮಾಡುವವಳು. ಆ ಪೂಜೆಗೆ ಹರಿಹರದಿಂದ ಹೂ ಬರುತ್ತಿತ್ತು. ಬಕ್ಕೇಶಪ್ಪನವರ ಓಣಿಯವರೊಬ್ಬರು ಬೆಳಗಿನ ರೈಲಿಗೆ ದಾವಣಗೆರೆಗೆ ಕೆಲಸಕ್ಕೆ ಬರುತ್ತಾರೆ. ಅವರ ಕೈಯಲ್ಲಿ ಮುತ್ತುಗದ ಎಲೆಯ ಪೊಟ್ಟಣ ಕೊಟ್ಟು ಕಳಿಸುತ್ತಿದ್ದರು. ಅವರು ಅದನ್ನು ತಂದು ಮಿಲ್ಲಿನ ಗೇಟಿನಲ್ಲಿ ನನ್ನ ಕೈಗೇ ಒಪ್ಪಿಸುತ್ತಿದ್ದರು. ಸಂಜೆ ಮಿಲ್ಲಿನ ಭೋಂಗಾ ಕೂಗಿದ ಮೇಲೆ ಅದನ್ನು ಸೈಕಲ್ಲಿನ ಹ್ಯಾಂಡಲಿಗೆ ತೂಗುಹಾಕಿಕೊಂಡು, ನನ್ನ ಷಡ್ಡಕರ ಹೂವನ್ನು ನನ್ನ ಹೆಂಡತಿಗೆ ನಾನೇ ಹೊತ್ತು ಮುಟ್ಟಿಸುತ್ತಿದ್ದೆ. ಅವಳು ಪೊಟ್ಟಣ ಬಿಚ್ಚಿ, ಮುಖ ಅರಳಿಸಿ, "ಏನೇ ಹೇಳ್ರಿ, ನಮ್ಮ ಭಾವಂದು ಕೈಗುಣ" ಎನ್ನುತ್ತಿದ್ದಳು. ನಾನು ಸೈಕಲ್ಲನ್ನು ಗೋಡೆಗೆ ಒರಗಿಸುವಾಗ ಸ್ವಲ್ಪ ಜೋರಾಗಿ ಒರಗಿಸುತ್ತಿದ್ದೆ.

ಇದರ ಮೇಲೆ ಪುಣ್ಯದ ಪ್ರಶ್ನೆಯೊಂದಿದೆ. ಬೇರೆಯವರ ಗಿಡದ ಹೂವಿನಿಂದ ಪೂಜೆ ಮಾಡಿದರೆ ಪೂಜೆಯ ಫಲ ಗಿಡದವರಿಗೆ ಹೋಗುತ್ತದೆಂದು ನಮ್ಮ ಕಡೆ ಒಂದು ಮಾತಿದೆ. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೆ ನಂಬದಿರುವವನಿಗೂ ಲೆಕ್ಕ ಬರುತ್ತದಲ್ಲ? ಉಪವಾಸ ಹಾಲಮ್ಮನದು, ಎಣ್ಣೆ ಬತ್ತಿ ನನ್ನ ಸಂಬಳದ್ದು, ಹೂ ಹೊತ್ತ ಸೈಕಲ್ಲು ನನ್ನದು, ಪುಣ್ಯ ಮಾತ್ರ ಹರಿಹರಕ್ಕೆ ಹೋಗುತ್ತಿತ್ತು. ಬಕ್ಕೇಶಪ್ಪನವರು ಅಲ್ಲಿ ಆರಾಮಕುರ್ಚಿಯಲ್ಲಿ ಕೂತು ರೇಡಿಯೋ ಕೇಳುತ್ತಿರುವಾಗ, ಇಲ್ಲಿಂದ ಪುಣ್ಯ ಹೋಗಿ ಅವರ ತಲೆಯ ಮೇಲೆ ಬೀಳುತ್ತಿತ್ತು.

ಆದರೂ ಇದು ಇಷ್ಟಕ್ಕೇ ನಿಂತಿದ್ದರೆ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ನಡುವೆ ನನಗೆ ಕೆಟ್ಟ ಜ್ವರ ಬಂತು. ವಿಷಮಶೀತ ಜ್ವರ. ವಾರಗಟ್ಟಲೆ ಮೈಮೇಲೆ ಎಚ್ಚರವಿರಲಿಲ್ಲ. ಡಾಕ್ಟರು ಹೊಸಿಲು ದಾಟುವಾಗ ತಲೆ ಅಲ್ಲಾಡಿಸಿದ್ದರಂತೆ. ಹೇಗೋ ಬದುಕಿದೆ. ಎದ್ದು ಗೋಡೆ ಹಿಡಿದು ನಡೆಯುವಂತಾದಾಗ ಹಾಲಮ್ಮ ಹೇಳಿದಳು: "ನಾನು ಹರಕಿ ಹೊತ್ತೀನಿ. ಮನಿ ಗಿಡದ ಹೂ ದೇವ್ರಿಗೆ ಏರಿಸ್ಬೇಕು."

"ಯಾವ ಹೂವು, ಎಷ್ಟು?" ಎಂದೆ.

"ಹರಕಿ ತೀರೋವರೆಗೂ ಪೂರಾ ಬಾಯಿ ಬಿಡಬಾರ್ದು. ಮನಿ ಗಿಡದ್ದು ಆಗಬೇಕು, ಅಷ್ಟು ಗೊತ್ತಿರ್ಲಿ."

ಹರಕೆಯ ಒಳಗುಟ್ಟನ್ನು ತೀರಿಸುವ ತನಕ ಆಡಬಾರದೆಂಬುದು ಲೋಕಿಕೆರೆಯ ಹೆಣ್ಣುಮಕ್ಕಳ ಕಟ್ಟುನಿಟ್ಟು. ನಾನೂ ಕೆದಕಲಿಲ್ಲ. ಆದರೆ ಒಂದು ಸಂಗತಿ ನನಗೆ ಸ್ಪಷ್ಟವಾಯಿತು. ನನ್ನ ಪ್ರಾಣಕ್ಕೆ ದೇವರಿಗೆ ಸಲ್ಲಬೇಕಾದದ್ದು ಹೂವು. ನಮ್ಮ ಅಂಗಳದಲ್ಲಿ ಹೂವಿಲ್ಲ. ನಾವು ಬೇಗ ಒಂದು ಗಿಡ ಬೆಳೆಸದಿದ್ದರೆ, ಶ್ರಾವಣದಲ್ಲಿ ಹಾಲಮ್ಮ ಹರಿಹರದ ಹೂವನ್ನೇ "ಅಕ್ಕನ ಮನಿಯೂ ನಮ್ಮ ಮನಿಯೇ" ಎಂದು ಏರಿಸಿಬಿಡುತ್ತಾಳೆ. ಆಗ ನಾನು ಬದುಕಿದ್ದು ಬಕ್ಕೇಶಪ್ಪನವರ ಹೂವಿನ ಮೇಲೆ ಎಂದಾಗುತ್ತದೆ. ಇನ್ನು ಮುಂದೆ ಉಸಿರಾಡುವಾಗಲೆಲ್ಲ ಅವರ ನೆನಪು ಮಾಡಿಕೊಳ್ಳಬೇಕಾಗುತ್ತದೆ. ಜ್ವರಕ್ಕಿಂತ ಇದು ಕಷ್ಟ.

ನಮ್ಮ ಅಂಗಳ ಹೂವಿಗೆ ಹೇಳಿ ಮಾಡಿಸಿದ್ದಲ್ಲ. ನಿಟ್ಟುವಳ್ಳಿಯಲ್ಲಿ ಸೂರ್ಯ ಹುಟ್ಟಿದ ಕೂಡಲೇ ಮೊದಲು ನಮ್ಮ ಅಂಗಳಕ್ಕೆ ಬಂದು, ಮುಳುಗುವಾಗ ಕೊನೆಗೆ ಅಲ್ಲಿಂದಲೇ ಎದ್ದು ಹೋಗುತ್ತಾನೆ. ನೆರಳೆಂಬುದು ಚೂರೂ ಇಲ್ಲ. ಮಲ್ಲಿಗೆ ಹಚ್ಚಿದೆವು, ಸೀದು ಹೋಯಿತು. ದಾಸವಾಳ ಹಚ್ಚಿದೆವು, ಆಡು ಮೇಯ್ದವು. ಸೇವಂತಿಗೆ ಬಂದ ದಾರಿಯಲ್ಲೇ ಹೋಯಿತು. ಈ ಸುದ್ದಿ ಹೇಗೋ ಹರಿಹರಕ್ಕೆ ಮುಟ್ಟಿ, ಒಂದು ಭಾನುವಾರ ಬಕ್ಕೇಶಪ್ಪನವರು ಒದ್ದೆ ಗೋಣಿಚೀಲದಲ್ಲಿ ಸುತ್ತಿದ ಒಂದು ಕಡ್ಡಿ ಹಿಡಿದುಕೊಂಡು ರೈಲಿಳಿದು ಬಂದರು.

"ಕಣಗಿಲಿ ಹಚ್ರಿ ತಮ್ಮಾರೆ. ಆಡು ಮುಟ್ಟಲ್ಲ, ಬಿಸಿಲು ಸುಡಲ್ಲ. ಇದು ಕೊಂದ್ರೂ ಸಾಯಲ್ಲ" ಎಂದರು.

ಆ ಕಡ್ಡಿಯನ್ನು ಹಿಂದಕ್ಕೆ ಕೊಡಬೇಕೆನ್ನಿಸಿತು. ಆದರೆ ಹಾಲಮ್ಮ ಆಗಲೇ ಗುಂಡಿ ತೋಡಲು ಗುದ್ದಲಿ ತಂದಿದ್ದಳು. ಹಚ್ಚಿದೆ. ಹಚ್ಚುವಾಗಲೇ ಮನಸ್ಸಿನಲ್ಲಿ ಶಪಥ ಮಾಡಿದೆ: ಕಡ್ಡಿ ಅವರದಿರಬಹುದು, ಗಿಡ ನನ್ನದಾಗಬೇಕು. ಅವರ ಗಿಡ ಮೊಳಕಾಲುದ್ದ ಹೂ ಬಿಟ್ಟರೆ ನನ್ನದು ಎದೆಯುದ್ದ ಬಿಡಬೇಕು.

ಅಲ್ಲಿಂದ ಶುರುವಾಯಿತು ಸೇವೆ. ಬೆಳಿಗ್ಗೆ ಏಳುವುದು, ಬಾವಿಯಿಂದ ನೀರು ಸೇದುವುದು, ಕೊಡ ಹೊತ್ತು ತಂದು ಬುಡಕ್ಕೆ ಸುರಿಯುವುದು. ಸಂಜೆ ಮತ್ತೆ ಸುರಿಯುವುದು. ಜ್ವರದಿಂದೆದ್ದ ಮೈ, ಮೊದಮೊದಲು ಅರ್ಧ ಕೊಡಕ್ಕೇ ತೇಕು ಬರುತ್ತಿತ್ತು. ಮೂರು ಸಲ ನಿಂತು ಸುಧಾರಿಸಿಕೊಳ್ಳುತ್ತಿದ್ದೆ. ಬರಬರುತ್ತ ಎರಡು ಕೈಯಲ್ಲಿ ಎರಡು ಕೊಡ ಹಿಡಿದು ಬೀಸುಗಾಲು ಹಾಕುವಷ್ಟು ಗಟ್ಟಿಯಾದೆ. ಬೇಸಿಗೆ ಬಂತು. ಎಳೆಯ ಗಿಡ ಬಿಸಿಲಿಗೆ ಬಾಡೀತೆಂದು ನಾಲ್ಕು ಗೂಟ ನೆಟ್ಟು ಮೇಲೆ ಗೋಣಿತಟ್ಟಿನ ಚಪ್ಪರ ಹಾಕಿದೆ. ನಮ್ಮ ತಲೆಯ ಮೇಲಿನ ಹೆಂಚು ಒಡೆದಿದ್ದರೂ ಗಿಡಕ್ಕೆ ಮಾತ್ರ ಸೋರದ ಮಾಡು.

ಆಮೇಲೆ ಆಹಾರದ ವಿಷಯ. ಇಲ್ಲಿ ನಾನು ದಾವಣಗೆರೆಯವನ ತಲೆ ಓಡಿಸಿದೆ. ನಮ್ಮೂರಿನಲ್ಲಿ ಬೆಣ್ಣೆ ಇಷ್ಟು ಚೆನ್ನಾಗಿರುವುದಕ್ಕೆ ಕಾರಣವೇನು? ಎಮ್ಮೆ. ಎಮ್ಮೆ ಚೆನ್ನಾಗಿರುವುದಕ್ಕೆ ಕಾರಣ? ಹತ್ತಿಕಾಳಿನ ಹಿಂಡಿ. ಹಿಂಡಿ ತಿಂದ ಎಮ್ಮೆ ಚೊಂಬಿನ ಬದಲು ಕೊಡ ತುಂಬ ಹಾಲು ಕೊಡುವುದಾದರೆ, ಹಿಂಡಿ ತಿಂದ ಗಿಡ ಪೊಟ್ಟಣದ ಬದಲು ಬುಟ್ಟಿ ತುಂಬ ಹೂ ಕೊಡಲೇಬೇಕು. ತರ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಹತ್ತಿಕಾಳಿನ ಹಿಂಡಿ ತಂದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ಕೈಯಲ್ಲಿ ಕಲಸಿ, ಬುಡಕ್ಕೆ ಉಣ್ಣಿಸತೊಡಗಿದೆ. ಪಕ್ಕದ ಮನೆಯ ಹುಸೇನಸಾಬರು ಬಾಗಿಲಲ್ಲಿ ಹತ್ತಿ ಬಡಿಯುತ್ತ ಇದನ್ನು ದಿನಾ ನೋಡುತ್ತಿದ್ದರು. ಒಂದು ದಿನ ತಡೆಯಲಾರದೆ, "ಏನ್ ಗುಮಾಸ್ತರೇ, ಹಾಲು ಯಾವಾಗ ಕರೀತೀರಿ?" ಎಂದರು.

ನಗಲಿ ಎಂದುಕೊಂಡೆ. ಗಿಡ ಮಾತ್ರ ನನ್ನ ಮಾನ ಉಳಿಸಿತು. ಏನು ಬೆಳವಣಿಗೆ! ಎರಡನೆಯ ವರ್ಷಕ್ಕೆ ನನ್ನ ತಲೆ ಮೀರಿತು, ಚಪ್ಪರವನ್ನೂ ಎತ್ತರಿಸಬೇಕಾಯಿತು. ಎಲೆಗಳು ಒಂದೊಂದೂ ಗೇಣುದ್ದ, ಎಣ್ಣೆ ಸವರಿದಂತೆ ಮಿರಮಿರ. ಓಣಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಹಾಗೆ ನಿಂತವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಇದು ಯಾವ ಗಿಡರೀ?"

ಯಾಕೆಂದರೆ ಅದರಲ್ಲಿ ಹೂವಿರಲಿಲ್ಲ. ಆಗೊಮ್ಮೆ ಈಗೊಮ್ಮೆ ತುದಿಯಲ್ಲಿ ನಾಲ್ಕು ಮೊಗ್ಗು ಕಾಣಿಸಿಕೊಳ್ಳುತ್ತಿದ್ದವು, ನಾನು ಹಾಲಮ್ಮನನ್ನು ಕೂಗಿ ಕರೆಯುವಷ್ಟರಲ್ಲಿ ಕಪ್ಪಾಗಿ ಉದುರುತ್ತಿದ್ದವು. ಮೊದಲ ಶ್ರಾವಣ ಹೀಗೆಯೇ ಹೋಯಿತು. ಹಾಲಮ್ಮ ಹರಕೆಯ ಮಾತೆತ್ತಲಿಲ್ಲ. "ಮುಂದಿನ ವರ್ಷ ಬಿಡ್ತೈತೆ ಬಿಡ್ರಿ" ಎಂದಳು. ಅವಳು ಹಾಗೆ ಸಮಾಧಾನ ಹೇಳಿದ್ದು ನನಗೆ ಇನ್ನಷ್ಟು ಉರಿಯಿತು. ಸೋತವನಿಗೆ ಹೇಳುವ ಮಾತದು. ಸೋಮವಾರದ ಪೊಟ್ಟಣ ಮಾತ್ರ ತಪ್ಪದೆ ಬರುತ್ತಿತ್ತು. ಹೂವಿಲ್ಲದ ನನ್ನ ಗಿಡದ ಮುಂದೆಯೇ ನಾನು ಅದನ್ನು ಹ್ಯಾಂಡಲಿನಿಂದ ಬಿಚ್ಚಿಕೊಂಡು ಒಳಗೆ ಹೋಗಬೇಕಾಗಿತ್ತು. ಗಿಡಕ್ಕೂ ನಾಚಿಕೆಯಾಗಲಿ ಎಂದು ಒಂದೆರಡು ಸಲ ಪೊಟ್ಟಣವನ್ನು ಅದಕ್ಕೆ ತೋರಿಸಿಯೂ ಇದ್ದೇನೆ.

ಬಕ್ಕೇಶಪ್ಪನವರು ಏನೋ ಗುಟ್ಟು ಇಟ್ಟುಕೊಂಡಿದ್ದಾರೆ ಎಂಬ ಅನುಮಾನ ನನಗೆ ಆಗ ಶುರುವಾಯಿತು. ಕೈಗುಣವಂತೆ, ಕೈಗುಣ! ಅವರೇನು ಹಾಕುತ್ತಾರೆ ನೋಡಿಯೇ ಬಿಡಬೇಕೆಂದು ಒಂದು ಭಾನುವಾರ ಹರಿಹರಕ್ಕೆ ಹೋದೆ. ಹಾಲಮ್ಮನಿಗೆ ಹೊಳೆ ಸ್ನಾನ ಎಂದು ಹೇಳಿದ್ದೆ. ದಿನವಿಡೀ ಅವರ ಜಗಲಿಯ ಮೇಲೆ ಕೂತು ಗಿಡವನ್ನು ಕಾದೆ. ಬೆಳಿಗ್ಗೆ ಓಣಿಯ ಹೆಂಗಸರು ಬಂದು ಪೂಜೆಗೆಂದು ಹೂವಲ್ಲ, ಟೊಂಗೆಟೊಂಗೆಯನ್ನೇ ಲಟಲಟ ಮುರಿದುಕೊಂಡು ಹೋದರು. ಆಮೇಲೆ ಕೊಟ್ರಮ್ಮ ಬಂದು ಹಿಂಡಿದ ದುಪ್ಪಟಿಯನ್ನು ಅದರ ಮೇಲೆ ಒಣಹಾಕಿದಳು. ಮಧ್ಯಾಹ್ನ ಯಾರದೋ ಕರು ಬಂದು ಬುಡಕ್ಕೆ ಬೆನ್ನು ತಿಕ್ಕಿಕೊಂಡಿತು. ಹೊಳೆ ಕೂಗಳತೆಯಲ್ಲಿದೆ, ಆದರೆ ಒಬ್ಬರೂ ಒಂದು ತಂಬಿಗೆ ನೀರು ಹಾಕಲಿಲ್ಲ. ಬಕ್ಕೇಶಪ್ಪನವರಂತೂ ಗಿಡದ ಕಡೆ ತಿರುಗಿಯೂ ನೋಡಲಿಲ್ಲ.

ಕೊನೆಗೆ ನಾನೇ ಕೇಳಿದೆ: "ಅಣ್ಣಾರೆ, ಇದಕ್ಕೆ ಏನ್ ಹಾಕ್ತೀರಿ?"

"ಏನಿಲ್ರೀ. ಅದರ ಪಾಡಿಗೆ ಅದು ಐತೆ, ನಮ್ಮ ಪಾಡಿಗೆ ನಾವು. ಕೂಡ್ರಿ, ಮಂಡಕ್ಕಿ ತಿನ್ರಿ."

ನಾನು ನಂಬಲಿಲ್ಲ. ನಮ್ಮೂರಿನ ದೋಸೆ ಹೋಟೆಲಿನವರನ್ನೂ ಕೇಳಿ ನೋಡಿ, "ಏನ್ ಹಾಕ್ತೀರಿ ಹಿಟ್ಟಿಗೆ?" ಎಂದು. "ಏನಿಲ್ರೀ, ಅಕ್ಕಿ ಉದ್ದು" ಎನ್ನುತ್ತಾರೆ. ಅಷ್ಟೇ ಆಗಿದ್ದರೆ ನಮ್ಮ ಮನೆಯ ದೋಸೆ ಯಾಕೆ ಹಂಚಿಗೇ ಅಂಟಿಕೊಂಡು ಕೂರುತ್ತದೆ? ಎಲ್ಲ ಕಣ್ಣಾರೆ ನೋಡಿಯೂ, ಗುಟ್ಟು ನನ್ನ ಮುಂದೆಯೇ ಅಷ್ಟು ಹೊತ್ತು ನಿಂತಿದ್ದರೂ, ಇವರು ರಾತ್ರಿ ಎಲ್ಲರೂ ಮಲಗಿದ ಮೇಲೆ ಏನೋ ಹಾಕುತ್ತಾರೆ ಎಂದೇ ತೀರ್ಮಾನಿಸಿ ಸಂಜೆಯ ರೈಲು ಹತ್ತಿದೆ. ಹೊಟ್ಟೆಕಿಚ್ಚು ಪಡುವವನ ಕಣ್ಣಿಗೆ ಎಲ್ಲವೂ ಕಾಣುತ್ತದೆ, ಕಂಡದ್ದು ಮಾತ್ರ ತಲೆಗೆ ಹೋಗುವುದಿಲ್ಲ. ಮನೆಗೆ ಬಂದವನೇ ಹಿಂಡಿ ಇನ್ನೊಂದು ಬೊಗಸೆ ಹೆಚ್ಚು ಮಾಡಿದೆ.

ಹಳಬರು ಈ ಗಿಡಕ್ಕೆ ಸಂಸ್ಕೃತದಲ್ಲಿ ಕರವೀರ ಎಂದಿದ್ದಾರೆ. ಹಯಮಾರ ಎಂದೂ ಕರೆದಿದ್ದಾರೆ. ಕುದುರೆಯನ್ನು ಕೊಲ್ಲುವಂಥದ್ದು ಎಂದರ್ಥ. ಎಲೆ, ತೊಗಟೆ, ಬೇರು, ಹಾಲು ಎಲ್ಲ ವಿಷ. ಅದಕ್ಕೇ ಆಡು ಮೂಸಿ ನೋಡಿ ಮುಂದೆ ಹೋಗುತ್ತದೆ. ಇಂಥ ಗಿಡದ ಹೂವನ್ನು ಶಿವ ಪ್ರೀತಿಯಿಂದ ಏರಿಸಿಕೊಳ್ಳುತ್ತಾನೆ. ವಿಷವನ್ನೇ ಗಂಟಲಲ್ಲಿಟ್ಟುಕೊಂಡವನಿಗೆ ಇದೇನು ಲೆಕ್ಕ! ನನಗೆ ಅನ್ನಿಸುವುದು ಇಷ್ಟು: ಒಳಗೆ ವಿಷ ತುಂಬಿಕೊಂಡಿದ್ದರೂ ಕಣಗಿಲೆ ಹೊರಗೆ ಹೂ ಬಿಡುತ್ತದೆ. ನಾನಾದರೋ ಆ ವರ್ಷಗಳಲ್ಲಿ ಒಳಗೂ ಹೊರಗೂ ಒಂದೇ ಸಮನಾಗಿದ್ದೆ.

ಎರಡನೆಯ ಶ್ರಾವಣ ಬಂತು. ಮೊದಲ ಸೋಮವಾರ ಬೆಳಿಗ್ಗೆ ಇನ್ನೂ ಹಲ್ಲುಜ್ಜುತ್ತಿದ್ದೇನೆ, ಅಂಗಳದಲ್ಲಿ "ತಮ್ಮಾರೇ" ಎಂಬ ಧ್ವನಿ. ಬಕ್ಕೇಶಪ್ಪನವರೇ ಖುದ್ದಾಗಿ ಬಂದಿದ್ದರು. ಕೈಯಲ್ಲಿ ಪೊಟ್ಟಣವಲ್ಲ, ಬುಟ್ಟಿ. ಬುಟ್ಟಿಯ ತುಂಬ ಗುಲಾಬಿ ಬಣ್ಣದ ಕಣಗಿಲೆ, ಇನ್ನೂ ಇಬ್ಬನಿ ಆರಿರಲಿಲ್ಲ.

"ಹಾಲಮ್ಮಂದು ಹರಕಿ ಐತೆ ಅಂತ ಕೊಟ್ರಮ್ಮ ಹೇಳಿದ್ಲು. ನಿಮ್ಮ ಗಿಡ ಇನ್ನೂ ಬಿಟ್ಟಿಲ್ಲಂತೆ. ತಂಗಿ ಹರಕಿ ತಪ್ಪಬಾರ್ದು ನೋಡ್ರಿ, ಅದಕ್ಕೇ ರಜಾ ಹಾಕಿ ತಂದೆ" ಎಂದರು.

ಹಾಲಮ್ಮ ಓಡಿ ಬಂದು ಎರಡೂ ಕೈಯಲ್ಲಿ ಬುಟ್ಟಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಬಕ್ಕೇಶಪ್ಪನವರು ನನ್ನ ಗಿಡದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಚಪ್ಪರದ ಗೋಣಿತಟ್ಟನ್ನು ಎತ್ತಿ ನೋಡಿ, "ಏನ್ ಎಲಿ ತಮ್ಮಾರೆ! ಊಟಕ್ಕೆ ಹಾಕಬೋದು" ಎಂದು ಮನಸಾರೆ ನಕ್ಕರು. ಅವರ ನಗೆಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ತಿಂಡಿ ತಿಂದು, ನನ್ನ ಬೆನ್ನು ತಟ್ಟಿ, ಅವರು ಹೋದರು.

ಅವರು ಓಣಿಯ ತಿರುವು ದಾಟಿದ್ದೇ ತಡ, ನಾನು ಒಳಗಿನಿಂದ ಕೊಡಲಿ ತಂದೆ. ಮೊದಲು ಚಪ್ಪರಕ್ಕೆ ಬಿತ್ತು. ಆಮೇಲೆ ಗಿಡಕ್ಕೆ. ತಲೆ ಮೀರಿ ಬೆಳೆದ ಗಿಡ ಮೊಳಕಾಲಿನ ಮಟ್ಟಕ್ಕೆ ಬರುವವರೆಗೂ ಕಡಿದೆ. ಯಾರನ್ನು ಕಡಿಯುತ್ತಿದ್ದೆನೆಂದು ಕೇಳಬೇಡಿ. ಬಿಳಿಯ ಹಾಲು ಮೈಗೆಲ್ಲ ಸಿಡಿಯಿತು. ಬೆವರು ಸುರಿಯುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು, ಅದು ಬೆವರಿನದೇ ಎಂದು ಹೇಳಿಕೊಂಡೆ. ನನ್ನ ಪ್ರಾಣದ ಹರಕೆ ಇವತ್ತು ಸಂಜೆ ಅವರ ಬುಟ್ಟಿಯಿಂದ ತೀರಿಹೋಗುತ್ತದೆ, ಇನ್ನು ಈ ಗಿಡ ಯಾರಿಗೆ ಬೇಕು ಎಂಬುದೊಂದೇ ತಲೆಯಲ್ಲಿತ್ತು. ಹುಸೇನಸಾಬರು ಹತ್ತಿ ಬಡಿಯುವುದನ್ನು ನಿಲ್ಲಿಸಿ ನೋಡಿದರು. ಅವರೂ ಏನೂ ತಮಾಷೆ ಮಾಡಲಿಲ್ಲ.

ಹಾಲಮ್ಮ ಬಾಗಿಲಲ್ಲಿ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. "ಕೈ ತೊಳಕೊಳ್ರಿ. ಟೊಂಗಿ ಒಲಿಗೆ ಹಾಕಬ್ಯಾಡ್ರಿ, ಹೊಗಿನೂ ವಿಷ" ಎಂದಷ್ಟೇ ಹೇಳಿ ಒಳಗೆ ಹೋದಳು. ಆ ಸಂಜೆ ಪೂಜೆಯ ಗಂಟೆ ಕೇಳಿಸಿತು. ನಾನು ಹೋಗಿ ನೋಡಲಿಲ್ಲ. ಜಗಲಿಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದೆ.

ಅಲ್ಲಿಂದ ಮುಂದೆ ನೀರಿಲ್ಲ, ಹಿಂಡಿಯಿಲ್ಲ, ಚಪ್ಪರವಿಲ್ಲ. ಆ ಮೋಟಿನ ಕಡೆ ನೋಡುವುದನ್ನೂ ಬಿಟ್ಟೆ. ಮಳೆ ಬಂದರೆ ಬಂತು, ಬಿಸಿಲು ಬಿದ್ದರೆ ಬಿತ್ತು. ಕಡಿದ ಜಾಗದಲ್ಲೆಲ್ಲ ಚಿಗುರು ಒಡೆಯುತ್ತಿದ್ದುದನ್ನು ಕಂಡೂ ಕಾಣದಂತಿದ್ದೆ. ಎಲೆ ಬಿಡುವುದರಲ್ಲಿ ಅದು ಪ್ರವೀಣ ಎಂಬುದು ನನಗೆ ಹೊಸ ಸುದ್ದಿಯಲ್ಲ. ದಸರೆ ಕಳೆಯಿತು. ದೀಪಾವಳಿಯ ಹೊತ್ತಿಗೆ ಒಂದು ಬೆಳಿಗ್ಗೆ ಸೈಕಲ್ಲು ಹೊರಗೆ ತರುವಾಗ ಹ್ಯಾಂಡಲಿಗೆ ಏನೋ ತಗುಲಿತು. ತಿರುಗಿ ನೋಡಿದರೆ ಮೊಗ್ಗು. ಒಂದಲ್ಲ, ಚಿಗುರಿಗೊಂದು ಗೊಂಚಲು. ನಾನು ಯಾರನ್ನೂ ಕೂಗಲಿಲ್ಲ. ಕೂಗಿದರೆ ಉದುರಿಬಿಡುತ್ತವೇನೋ ಎಂದು ಹೆದರಿ, ಸೈಕಲ್ಲನ್ನು ತಳ್ಳಿಕೊಂಡೇ ಓಣಿ ದಾಟಿದೆ.

ಉದುರಲಿಲ್ಲ. ಕಾರ್ತಿಕದಲ್ಲಿ ಅರಳಿತು. ಹೇಗೆ ಅರಳಿತೆಂದು ನಾನು ವರ್ಣಿಸಿದರೆ ಹೊಟ್ಟೆಕಿಚ್ಚಿನ ಸರದಿ ನಿಮ್ಮದಾಗುತ್ತದೆ, ಅದಕ್ಕೇ ಬಿಡುತ್ತೇನೆ. ಹುಸೇನಸಾಬರು ಮನೆಯವರನ್ನೆಲ್ಲ ಕರೆದು ತೋರಿಸಿದರು ಎಂದರೆ ಸಾಕು. ಆಗ ನನಗೆ ಹರಿಹರದ ಜಗಲಿಯ ಮೇಲೆ ಕೂತು ಕಂಡದ್ದೆಲ್ಲ ತಲೆಗೆ ಹೋಯಿತು. ನೀರಿಲ್ಲದೆ ಬಾಯಾರಿಸಬೇಕು, ಬಿಸಿಲಲ್ಲಿ ಬಿಡಬೇಕು, ಮುರಿದುಕೊಂಡು ಹೋಗುವವರು ಮುರಿದುಕೊಂಡು ಹೋಗಬೇಕು. ನಾನು ಉಪಚಾರ ಮಾಡಿ ಮಾಡಿ ಅದಕ್ಕೆ ಹೂ ಬಿಡುವ ಅಗತ್ಯವೇ ಇಲ್ಲದಂತೆ ಮಾಡಿದ್ದೆ. ಪ್ರೀತಿಯಿಂದ ಎರಡು ವರ್ಷ ಆಗದ ಕೆಲಸವನ್ನು ಮತ್ಸರ ಒಂದು ಬೆಳಿಗ್ಗೆ ಮಾಡಿ ಮುಗಿಸಿತ್ತು. ಇದನ್ನು ನೀತಿಯಾಗಿ ಯಾರೂ ಮಕ್ಕಳಿಗೆ ಹೇಳಿಕೊಡಬೇಡಿ.

ಕಾರ್ತಿಕ ಸೋಮವಾರ ಹಾಲಮ್ಮ ತಲೆಗೆ ನೀರೆರೆದುಕೊಂಡು, ಮಡಿಯುಟ್ಟು, ಬುಟ್ಟಿ ಹಿಡಿದು ಅಂಗಳಕ್ಕೆ ಬಂದಳು. ನನ್ನನ್ನು ಕರೆದು, "ನೀವೇ ಬಿಡಿಸಿ ಹಾಕ್ರಿ" ಎಂದಳು. ಹಾಕಿದೆ. ಪೂಜೆಯಲ್ಲಿ ಅಂದು ಅವಳು ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂತಿದ್ದಳೆಂದರೆ ಬತ್ತಿಯನ್ನು ನಾನೇ ಎರಡು ಸಲ ಮುಂದಕ್ಕೆ ತಳ್ಳಬೇಕಾಯಿತು. ಎದ್ದವಳು, "ಹರಕಿ ತೀರ್ತು" ಎಂದಳು.

ನನಗೆ ಅರ್ಥವಾಗಲಿಲ್ಲ. "ಶ್ರಾವಣದಾಗೇ ತೀರಿಸಿದ್ಯಲ್ಲ? ಬುಟ್ಟಿ ತುಂಬ ಬಂದಿತ್ತಲ್ಲ ಹರಿಹರದಿಂದ."

"ಅವು ವಾರದ ಪೂಜೆಗೆ. ಹರಕಿಗೆ ಹೆಂಗೆ ಬರ್ತಾವ? ಭಾವ ಪಾಪ ಪ್ರೀತಿಯಿಂದ ತಂದಿದ್ರು, ಬ್ಯಾಡ ಅನ್ನಾಕಾಗ್ತದೇನ್ರಿ?"

"ಮನಿ ಗಿಡದ ಹೂ ಅಂತ ತಾನೆ ಹೊತ್ತಿದ್ದು? ಪ್ಯಾಟಿಯಿಂದ ಒಂದು ಗುಲಾಬಿ ಕುಂಡ ತಂದಿಟ್ಟಿದ್ರೂ ಆಗ್ತಿತ್ತಲ್ಲ."

ತೀರಿದ ಹರಕೆಯನ್ನು ಆಡಬಹುದು. ಆದರೂ ಹಾಲಮ್ಮನಿಗೆ ನಾಚಿಕೆಯಾಯಿತೆಂದು ಕಾಣುತ್ತದೆ. ಆರತಿಯ ತಟ್ಟೆಯನ್ನು ನೋಡುತ್ತ ಹೇಳಿದಳು: "ಆವತ್ತು ಡಾಕ್ಟರು ತಲಿ ಅಲ್ಲಾಡ್ಸಿ ಹೋದ್ರಲ್ಲ, ಆವಾಗ ಕೇಳ್ಕೊಂಡೆ. ಈ ಮನುಷ್ಯ ಎದ್ದು ಓಡಾಡಂಗಾಗ್ಲಿ. ತನ್ನ ಕೈಯಾರೆ ನೀರು ಸೇದಿ ಒಂದು ಗಿಡ ಬೆಳಸ್ಲಿ. ಆ ಗಿಡದ ಹೂ ನಿಂಗೆ ಏರಿಸ್ತೀನಿ ಅಂತ. ನಿಮ್ಮ ಕೈದೇ ಆಗಬೇಕಿತ್ತು."

"ಹಂಗಾದ್ರೆ ಎರಡು ವರ್ಷ ಹೂ ಬಿಡ್ಲಿಲ್ಲಲ್ಲ, ನಿನಗೆ ಚಿಂತಿ ಆಗ್ಲಿಲ್ವಾ?"

"ಯಾಕ ಆಗ್ಬೇಕು? ದಿನಾ ಬೆಳಿಗ್ಗೆ ಒಲಿ ಮುಂದೆ ಕೂತು ಕಿಟಕಿಯಾಗ ನೋಡ್ತಿದ್ದೆ. ಮೊದ್ಲು ಅರ್ಧ ಕೊಡ, ಆಮೇಲೆ ಒಂದು ಕೊಡ, ಆಮೇಲೆ ಎರಡು ಕೈಯಾಗ ಎರಡು. ನಂಗೆ ಬೇಕಾದ್ದು ಬಂದಿತ್ತು. ಹೂ ದೇವ್ರಿಗೆ ಅಲ್ಲೇನ್ರಿ? ಅವನು ಕಾಯ್ತಾನ."

ಹೀಗೆಂದು ಅವಳು ಒಳಗೆ ಪಾಯಸ ನೋಡಲು ಹೋದಳು. ನಾನು ದೇವರ ಮುಂದೆ ಒಬ್ಬನೇ ಕೂತೆ. ಜ್ವರದಲ್ಲಿ ಬಿದ್ದಿದ್ದ ಆ ಸಣಕಲು ಗುಮಾಸ್ತನನ್ನು, ಅರ್ಧ ಕೊಡ ಹೊತ್ತು ತೇಕುತ್ತಿದ್ದ ಅವನನ್ನು, ಯಾರೋ ಪರರನ್ನು ನೋಡಿದಂತೆ ನೋಡಿದೆ. ಅವನಿಗೆ ಗೊತ್ತೇ ಇರಲಿಲ್ಲ, ಕಿಟಕಿಯ ಹಿಂದೆ ಒಬ್ಬಳು ಒಲೆ ಊದುವುದನ್ನು ಬಿಟ್ಟು ತನ್ನನ್ನೇ ನೋಡುತ್ತಿದ್ದಳೆಂದು. ಎಂಥ ಭಾಗ್ಯವಂತ, ಬಡ್ಡೀಮಗ! ಬದುಕಿನಲ್ಲಿ ಮೊದಲ ಸಲ ನನಗೆ ನನ್ನ ಮೇಲೆಯೇ ಹೊಟ್ಟೆಕಿಚ್ಚಾಯಿತು.

ಈ ವಿಷಯವನ್ನು ಬಕ್ಕೇಶಪ್ಪನವರಿಗೆ ಹೇಳಿಲ್ಲ. ಹೇಳುವುದೂ ಇಲ್ಲ. ಒಳ್ಳೆಯ ಮನುಷ್ಯ, ಪಾಪ, ಅವರಿಗೆ ಉರಿದು ಅಭ್ಯಾಸವಿಲ್ಲ, ಕೇಳಿದರೆ ತಡೆದುಕೊಳ್ಳಲಾರರು.